14 ಮಹಡಿ, 84 ಫೈರ್ ಡೋರ್: ಎಲ್ಲಾ ಬದಲಾಯಿಸಬೇಕಾ, ರಿಪೇರಿ ಸಾಕಾ?

ಬಿಬ್ಲಾಕ್_602
ಎಲ್ರಿಗೂ ನಮಸ್ಕಾರ. ಕನಕಪುರ ರೋಡ್ ಕಡೆ ನಮ್ಮ ಅಪಾರ್ಟ್‌ಮೆಂಟ್, 2011ರಲ್ಲಿ ಕಟ್ಟಿದ್ದು. 3 ಬ್ಲಾಕ್, ಗ್ರೌಂಡ್ ಸೇರಿ 14 ಮಹಡಿ, ಮಹಡಿಗೆ 4 ಮನೆ, ಒಟ್ಟು 168 ಮನೆ. ಪ್ರತಿ ಮಹಡಿಗೂ ಎರಡೆರಡು ಮೆಟ್ಟಿಲು, ಹಂಗಾಗಿ ಮೆಟ್ಟಿಲ ಫೈರ್ ಡೋರೇ (ಬೆಂಕಿ, ಹೊಗೆ ಮೆಟ್ಟಿಲಿಗೆ ಬರದ ಹಾಗೆ ತಡೆಯೋ ಬಾಗಿಲು) 84 ಇದಾವೆ. ಈ ವರ್ಷ ಸೆಕ್ರೆಟರಿ ಜವಾಬ್ದಾರಿ ನಂದು.

ಹೋದ ತಿಂಗಳು ಫೈರ್ ಆಡಿಟ್ ಮಾಡಿಸಿದ್ವಿ. ರಿಪೋರ್ಟ್‌ನಲ್ಲಿ ಅರ್ಧ ಪುಟ ಬರೀ ಬಾಗಿಲ ಬಗ್ಗೆನೇ. ಕೆಳಗಡೆ ತುಕ್ಕು ಹಿಡಿದು ಉದುರ್ತಿದೆ (ದಿನಾ ನೀರು ಹಾಕಿ ತೊಳೀತಾರಲ್ಲ, ಅದಕ್ಕೆ), ಡೋರ್ ಕ್ಲೋಸರ್‌ನಿಂದ (ಬಾಗಿಲನ್ನ ತಾನಾಗೇ ಮುಚ್ಚಿಸೋ ಸಾಧನ) ಎಣ್ಣೆ ಸೋರ್ತಿದೆ, ಕೆಲವು ಕಡೆ ಕ್ಲೋಸರ್ ಕಿತ್ತೇ ಹಾಕಿದಾರೆ, ಸಿಸಿ ಕ್ಯಾಮೆರಾದವರು ಕೇಬಲ್ ಎಳೆಯೋಕೆ ಚೌಕಟ್ಟಿಗೆ ತೂತು ಕೊರೆದಿದಾರೆ, ಇನ್ನು ಅರ್ಧ ಬಾಗಿಲಿಗೆ ಇಟ್ಟಿಗೆ ಅಡ್ಡ ಇಟ್ಟು ತೆರೆದೇ ಬಿಟ್ಟಿರ್ತಾರೆ. ಎಲ್ಲಾ ಹೊಸದು ಹಾಕೋಕೆ ಒಂದಕ್ಕೆ 28,000 ಅಂತ ಕೊಟೇಶನ್ ಬಂದಿದೆ, ಅಂದ್ರೆ 23.52 ಲಕ್ಷ, ಜಿಎಸ್‌ಟಿ ಸೇರಿದ್ರೆ ಹತ್ತತ್ರ 28 ಲಕ್ಷ, ಮನೆಗೆ ಹದಿನಾರೂವರೆ ಸಾವಿರ. ಎಜಿಎಂನಲ್ಲಿ (ವಾರ್ಷಿಕ ಸಭೆ) ಗಲಾಟೆಯೋ ಗಲಾಟೆ. ಒಬ್ಬರು ಅಂಕಲ್ ಎದ್ದು "ಬಾಗಿಲು ಬಾಗಿಲೇ ಅಲ್ವೇನಪ್ಪ, ನಮಗೆ ಗೊತ್ತಿರೋ ವೆಲ್ಡಿಂಗ್ ಶಾಪ್‌ನಲ್ಲಿ 9 ಸಾವಿರಕ್ಕೆ ಕಬ್ಬಿಣದ್ದು ಮಾಡಿಸ್ತೀನಿ, ಕೆಂಪು ಬಣ್ಣ ಹೊಡೆಸಿ ಫೈರ್ ಎಕ್ಸಿಟ್ ಅಂತ ಬರೆಸಿದ್ರೆ ಆಯ್ತು" ಅಂದ್ರು. ಅರ್ಧ ಜನ ಚಪ್ಪಾಳೆ ಹೊಡೆದ್ರು.

ನನಗೆ ಇದು ಸರಿ ಅನ್ನಿಸ್ತಿಲ್ಲ, ಆದ್ರೆ ಯಾಕೆ ಸರಿ ಅಲ್ಲ ಅಂತ ಬಿಡಿಸಿ ಹೇಳೋಕೂ ಬರ್ತಿಲ್ಲ. ಮಾಡಿಸಿದ ಅನುಭವ ಇರೋರು ದಯವಿಟ್ಟು ಹೇಳಿ. ಎಲ್ಲಾ ಬದಲಾಯಿಸಬೇಕಾ? ರಿಪೇರಿ ಆಗೋದು ಯಾವುದು, ಆಗದೇ ಇರೋದು ಯಾವುದು?

ಸಿಲ್ಕ್‌ಬೋರ್ಡ್_ಸಂತ್ರಸ್ತ
ವೆಲ್ಡಿಂಗ್ ಶಾಪ್ ಬಾಗಿಲು ಬೇಡವೇ ಬೇಡ. ಅದಕ್ಕಿಂತ ಹಳೇದೇ ವಾಸಿ.

ಪೀಣ್ಯ_ಬಾಗಿಲುಮೇಸ್ತ್ರಿ
ಸರ್, 16 ವರ್ಷದಿಂದ ಇದೇ ಕೆಲಸದಲ್ಲಿದೀನಿ, ಗೊತ್ತಿರೋದು ಹೇಳ್ತೀನಿ.

ವೆಲ್ಡಿಂಗ್‌ನವರು ಮಾಡೋದು ಎಂಎಸ್ (ಸಾದಾ ಕಬ್ಬಿಣ) ಶೀಟಿನ ಟೊಳ್ಳು ಡಬ್ಬಿ. ಬೆಂಕಿ ಬಿದ್ದಾಗ ಒಂದು ಕಡೆ ಶೀಟು ಕಾಯುತ್ತೆ, ಹಿಗ್ಗುತ್ತೆ, ಇನ್ನೊಂದು ಕಡೆ ತಣ್ಣಗಿರುತ್ತೆ, ಆಗ ಬಾಗಿಲು ಬಿಲ್ಲಿನ ಥರ ಬಗ್ಗುತ್ತೆ. ಬೀಗದ ಕಡೆ ಮೇಲಿನ ಮೂಲೆ ಮೊದಲು ಬಾಯಿ ಬಿಡೋದು. ಅಲ್ಲಿಂದ ಹೊಗೆ ನುಗ್ಗಿದ್ರೆ ಮೆಟ್ಟಿಲು ಮುಗೀತು. ಸರಿಯಾದ ಫೈರ್ ಡೋರ್ ಅಂದ್ರೆ ಸಾಮಾನ್ಯವಾಗಿ 46 ಎಂಎಂ ದಪ್ಪ, ಎರಡೂ ಕಡೆ ಸುಮಾರು 1.2 ಎಂಎಂ ಜಿಐ (ಸತು ಲೇಪಿಸಿದ) ಶೀಟು, ಚೌಕಟ್ಟು 1.6 ಎಂಎಂ. ಒಳಗಡೆ ಹನಿಕೋಂಬ್ ಪೇಪರ್ (ಜೇನುಗೂಡಿನ ಥರದ್ದು) ಇರುತ್ತೆ, ಇಲ್ಲಾ ರಾಕ್‌ವುಲ್ (ಕಲ್ಲಿನ ನಾರಿನ ಉಣ್ಣೆ) ಥರದ್ದು. ಈ ಒಳಗಿನದ್ದನ್ನ ಕೇಳಿ ತಿಳ್ಕೊಳ್ಳಿ. ಪೇಪರ್ ಇರೋದು ಬೆಂಕಿ ದಾಟದ ಹಾಗೆ ತಡೆಯುತ್ತೆ ಅಷ್ಟೇ, ಬಾಗಿಲ ಆಚೆ ಮೈ ಕಾದು ಕೆಂಡ ಆಗಿರುತ್ತೆ. ರಾಕ್‌ವುಲ್ ಇರೋ ಇನ್ಸುಲೇಟೆಡ್ ಬಾಗಿಲು ಶಾಖಾನೂ ಒಂದಷ್ಟು ಹೊತ್ತು ತಡೆಯುತ್ತೆ. ರೇಟ್ ವ್ಯತ್ಯಾಸ ಬರೋದು ಇಲ್ಲೇ, ತುಂಬಾ ಕಮಿಟಿಯವರಿಗೆ ಇದು ಗೊತ್ತೇ ಇರಲ್ಲ.

ಇನ್ನೊಂದು. ಸರ್ಟಿಫಿಕೇಟ್ ಬರೀ ಬಾಗಿಲಿಗೆ ಅಲ್ಲ ಸರ್, ಸೆಟ್ಟಿಗೆ. ಚೌಕಟ್ಟು, ಬಾಗಿಲು, ಕೀಲು, ಲಾಕು, ಕ್ಲೋಸರು, ಗಾಜು ಇದ್ರೆ ಗಾಜು, ಇಷ್ಟೂ ಸೇರಿಸಿ ಕುಲುಮೆ ಮುಂದೆ ನಿಲ್ಲಿಸಿ ಟೆಸ್ಟ್ ಮಾಡಿರ್ತಾರೆ. ಕುಲುಮೆ 1 ಗಂಟೆಗೆ 945 ಡಿಗ್ರಿ, 2 ಗಂಟೆಗೆ 1,049 ಡಿಗ್ರಿ ಮುಟ್ಟುತ್ತೆ. ನೀವು ಬಾಗಿಲು ಒಂದು ಕಡೆ ತಂದು, 3 ಕೀಲಲ್ಲಿ 2 ಹಾಕಿ, ಸಾದಾ ಲಾಕು ಜಡಿದ್ರೆ ಆ ಸರ್ಟಿಫಿಕೇಟ್‌ಗೆ ಬೆಲೆ ಇಲ್ಲ.

ಮೈಸೂರುಪಾಕ್_ಪ್ರೇಮಿ
ಒಂದು ಪ್ರಶ್ನೆ, ತಪ್ಪು ತಿಳ್ಕೋಬೇಡಿ. ನಮ್ಮ ಕಟ್ಟಡಗಳು ಪೂರ್ತಿ ಕಾಂಕ್ರೀಟು, ಇಟ್ಟಿಗೆ. ಅಮೆರಿಕದ ಥರ ಮರದ ಮನೆ ಅಲ್ಲ. ಒಂದು ಮನೇಲಿ ಬೆಂಕಿ ಬಿದ್ರೂ ಅಲ್ಲೇ ಉರಿದು ಅಲ್ಲೇ ಆರುತ್ತೆ. ಅದಕ್ಕೆ ಮನೆ ಮನೆಗೂ 16 ಸಾವಿರ ಯಾಕೆ? ಸೋಲಾರ್ ಹಾಕಿಸಿದ್ರೆ ಕರೆಂಟ್ ಬಿಲ್ಲಾದ್ರೂ ಉಳಿಯುತ್ತೆ.

ದೊಮ್ಮಲೂರು_ಹಳಬ
@ಮೈಸೂರುಪಾಕ್_ಪ್ರೇಮಿ ಬೆಂಕಿ ಬಿದ್ದ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕೂಡ ಕಾಂಕ್ರೀಟೇ. 2010ರ ಫೆಬ್ರವರಿ 23. ಹಳೇ ಏರ್‌ಪೋರ್ಟ್ ರಸ್ತೆ. 9 ಜನ ಹೋದ್ರು. ಆಗ ನಾನು ಅಲ್ಲೇ ಹತ್ರ ಕೆಲಸ ಮಾಡ್ತಿದ್ದೆ, ಆ ಹೊಗೆ ಇವತ್ತಿಗೂ ಕಣ್ಮುಂದೆ ಇದೆ. ಬೆಂಕಿ ದೊಡ್ಡದೇನಲ್ಲ, ಎಲೆಕ್ಟ್ರಿಕಲ್ ಡಕ್ಟ್‌ನಲ್ಲಿ (ವೈರು ಮೇಲಿಂದ ಕೆಳಗೆ ಹೋಗೋ ಕೊಳವೆ ಥರದ ಜಾಗ) ಶುರುವಾದ ಹೊಗೆ ಮೇಲಿನ ಮಹಡಿಗಳಿಗೆ ಏರಿ ಜನಕ್ಕೆ ಇಳಿಯೋ ದಾರಿನೇ ಇಲ್ಲದ ಹಾಗಾಯ್ತು. ಉಸಿರು ಕಟ್ಟಿ ಕಿಟಕಿ ಒಡೆದು ಹಾರಿದ್ರು. ಎಮರ್ಜೆನ್ಸಿ ಬಾಗಿಲಿಗೆ ಬೀಗ ಹಾಕಿತ್ತು ಅಂತ ಆಗ ಪೇಪರ್‌ನಲ್ಲೆಲ್ಲ ಬಂತು. ಸತ್ತವರ ಮನೆಯವರು, ಸ್ನೇಹಿತರು ಸೇರಿ ಆಮೇಲೆ ಬಿಯಾಂಡ್ ಕಾರ್ಲ್‌ಟನ್ ಅಂತ ಸಂಸ್ಥೆ ಕಟ್ಟಿ ಇಷ್ಟು ವರ್ಷದಿಂದ ಇದನ್ನೇ ಹೇಳ್ತಾ ಇದಾರೆ. ಗೋಡೆ ಉರಿಯಲ್ಲ ನಿಜ. ಸೋಫಾ, ಹಾಸಿಗೆ, ಟಿವಿ, ವೈರು ಉರಿಯುತ್ತೆ. ಕೊಲ್ಲೋದು ಹೊಗೆ.

ಮೈಸೂರುಪಾಕ್_ಪ್ರೇಮಿ
ಅದು ಆಫೀಸ್ ಕಟ್ಟಡ ಅಲ್ವಾ.

ದೊಮ್ಮಲೂರು_ಹಳಬ
ಹೊಗೆಗೆ ಆಫೀಸು ಮನೆ ಅಂತ ಭೇದ ಇದ್ಯಾ ಸ್ವಾಮಿ?

ನಿವೃತ್ತ_ಅಗ್ನಿಶಾಮಕ
ನಾನು 27 ವರ್ಷ ಈ ಇಲಾಖೆಯಲ್ಲಿ ಇದ್ದವನು. ಒಂದು ವಿಷಯ ಹೇಳ್ತೀನಿ. ಬೆಂಕಿ ಆರಿಸಿದ ಮೇಲೆ ಮನೆ ಒಳಗೆ ಹೋಗಿ ನೋಡಿದ್ರೆ, ಬಾಗಿಲು ತೆರೆದಿದ್ದ ರೂಮು ಮೇಲಿಂದ ಕೆಳಗೆ ಕಪ್ಪು, ಫ್ಯಾನ್ ರೆಕ್ಕೆ ಕರಗಿ ಜೋತು ಬಿದ್ದಿರುತ್ತೆ. ಅದೇ ಮನೆಯಲ್ಲಿ ಬಾಗಿಲು ಹಾಕಿದ್ದ ರೂಮಿನ ಗೋಡೆ ಬಿಳಿಯಾಗೇ ಇರುತ್ತೆ, ಮಂಚದ ಮೇಲೆ ಮಡಚಿಟ್ಟ ಬಟ್ಟೆ ಹಂಗೇ ಇರುತ್ತೆ. ಸಾಮಾನ್ಯ ಬಾಗಿಲು, ಫೈರ್ ಡೋರೂ ಅಲ್ಲ. ಮುಚ್ಚಿದ್ದರಿಂದ ಅಷ್ಟು ವ್ಯತ್ಯಾಸ. ಇದನ್ನ ನಾನು ಒಂದಲ್ಲ ಹತ್ತು ಸಲ ನೋಡಿದೀನಿ.

ಹಾಗಾಗಿ ಸೆಕ್ರೆಟರಿಯವರೇ, ನಿಮ್ಮ 84 ಬಾಗಿಲಲ್ಲಿ ಇಟ್ಟಿಗೆ ಇಟ್ಟಿರೋದು ಎಷ್ಟಕ್ಕೆ ಅಂತ ಮೊದಲು ಲೆಕ್ಕ ಹಾಕಿ, ಇವತ್ತೇ ಇಟ್ಟಿಗೆ ತೆಗೆಸಿ. ಇದಕ್ಕೆ ಕೊಟೇಶನ್ ಬೇಕಿಲ್ಲ. 28 ಸಾವಿರದ ಬಾಗಿಲು ತೆರೆದಿದ್ರೆ ಗೋಡೆಯಲ್ಲಿ ತೂತು ಇದ್ದಂಗೆ.

ಮೆಟ್ಟಿಲಲ್ಲಿ ಸೈಕಲ್ಲು, ಶೂ ರ್ಯಾಕು, ಹಳೇ ಹಾಸಿಗೆ, ಗಣೇಶನ ಹಬ್ಬದ ಪೆಂಡಾಲ್ ಸಾಮಾನು ಇದ್ರೆ ಅದನ್ನೂ ತೆಗೆಸಿ. ಕತ್ತಲಲ್ಲಿ, ಹೊಗೆಯಲ್ಲಿ, ಭಾರದ ಉಸಿರಾಟದ ಸಿಲಿಂಡರ್ ಬೆನ್ನಿಗೆ ಹಾಕ್ಕೊಂಡು ಹತ್ತೋ ನಮ್ಮ ಹುಡುಗ್ರು ಅದಕ್ಕೆ ಎಡವಿ ಬೀಳ್ತಾರೆ.

ವಿಜಯನಗರ_ವೀಣಾ
ಅಗ್ನಿಶಾಮಕ ಅಂಕಲ್ ಬರೆದಿದ್ದು ಓದಿ ಈಗ ತಾನೇ ಎದ್ದು ಹೋಗಿ ನಮ್ಮ ಮಹಡಿ ಬಾಗಿಲಿನ ಇಟ್ಟಿಗೆ ತೆಗೆದು ಬಂದೆ. 🙏

ಲಂಡನ್ನಿನ_ಶಿರಸಿಯವ
ನಾನು ಲಂಡನ್ನಿನ ಫ್ಲ್ಯಾಟಲ್ಲಿ ಇರೋದು, 8ನೇ ಮಹಡಿ. ಇಲ್ಲಿನ ಗ್ರೆನ್‌ಫೆಲ್ ಟವರ್ ವಸತಿ ಕಟ್ಟಡದ ಬೆಂಕಿ ಎಲ್ರಿಗೂ ಗೊತ್ತಿರುತ್ತೆ, 2017 ಜೂನ್ 14, 72 ಜನ ಸತ್ರು. ಎಲ್ಲರೂ ಹೊರಗಿನ ಹೊದಿಕೆ ಬಗ್ಗೆನೇ ಮಾತಾಡ್ತಾರೆ, ಮುಖ್ಯ ಕಾರಣ ಅದೇ ಹೌದು, ಆದ್ರೆ ಮನೆ ಬಾಗಿಲುಗಳ ಕಥೆನೂ ಇದೆ. 30 ನಿಮಿಷ ತಡೀಬೇಕಿದ್ದ ಬಾಗಿಲನ್ನ ಪೊಲೀಸರು ಆಮೇಲೆ ಟೆಸ್ಟ್ ಮಾಡಿಸಿದ್ರೆ ಸುಮಾರು 15 ನಿಮಿಷಕ್ಕೆ ಸೋತಿತ್ತು. ಎಷ್ಟೋ ಬಾಗಿಲಿಗೆ ಕ್ಲೋಸರ್ ಕೆಲಸ ಮಾಡ್ತಿರಲಿಲ್ಲ, ಜನ ಓಡಿ ಹೋಗುವಾಗ ಬಾಗಿಲು ತೆರೆದೇ ಉಳೀತು, ಮನೆ ಒಳಗಿನ ಹೊಗೆ ಕಾರಿಡಾರಿಗೆ ಬಂತು.

ಈಗ ಇಂಗ್ಲೆಂಡಲ್ಲಿ 2023 ಜನವರಿ 23ರಿಂದ ಕಾನೂನು ಬಂದಿದೆ, 11 ಮೀಟರ್‌ಗಿಂತ ಎತ್ತರದ ವಸತಿ ಕಟ್ಟಡದಲ್ಲಿ ಕಾರಿಡಾರು, ಮೆಟ್ಟಿಲ ಬಾಗಿಲುಗಳನ್ನ 3 ತಿಂಗಳಿಗೊಮ್ಮೆ, ಮನೆ ಬಾಗಿಲನ್ನ 12 ತಿಂಗಳಿಗೊಮ್ಮೆ ಚೆಕ್ ಮಾಡ್ಬೇಕು. ನಮ್ಮ ಮನೆಗೂ ಬಂದಿದ್ರು. ಸಂದಿಗೆ ಗೇಜ್ ಹಾಕಿ ನೋಡಿದ್ರು, 3 ಎಂಎಂ ಆಸುಪಾಸು ಇರ್ಬೇಕಂತೆ, ನಮ್ಮದು ಮೇಲ್ಗಡೆ 6 ಇತ್ತು. ಕ್ಲೋಸರ್ ಇರಲೇ ಇಲ್ಲ, ಹಿಂದಿದ್ದವರು ಕಿತ್ತು ಹಾಕಿದ್ರು. ನಾನೂ ಎರಡು ವರ್ಷ ಆ ಮನೇಲಿದ್ದು ಒಂದು ದಿನ ತಲೆ ಎತ್ತಿ ನೋಡಿರಲಿಲ್ಲ. ಬಾಗಿಲು ಸೆಟ್ ಪೂರ್ತಿ ಬದಲಾಯಿಸ್ದೆ.

ಕೋರಮಂಗಲ_ಕೆ
ನೀವು ಲಂಡನ್ನಲ್ಲಿ 30 ನಿಮಿಷ ಅಂತೀರಾ, ಮೇಸ್ತ್ರಿ 2 ಗಂಟೆ ಅಂತಾರೆ. ನಮ್ಮಲ್ಲಿ 60 ನಿಮಿಷದ್ದು ಹಾಕಿದಾರೆ. ಯಾವುದು ಸರಿ? 30 ನಿಮಿಷ ಸಾಕು ಅನ್ನೋದಾದ್ರೆ ಅದನ್ನೇ ಹಾಕಿದ್ರೆ ದುಡ್ಡು ಉಳಿಯುತ್ತಲ್ಲ.

ಆರ್ಕಿಟೆಕ್ಟ್_ಅನು
ಎರಡನ್ನೂ ಕಲೆಸಬೇಡಿ. ಲಂಡನ್ನಿನವರು ಹೇಳಿದ್ದು ಮನೆಯ ಮುಂಬಾಗಿಲು, ಅಲ್ಲಿನ ನಿಯಮದ ಪ್ರಕಾರ. ಇಲ್ಲಿ ಕೇಳ್ತಿರೋದು ಮೆಟ್ಟಿಲ ಬಾಗಿಲು. ನಮ್ಮ ನ್ಯಾಷನಲ್ ಬಿಲ್ಡಿಂಗ್ ಕೋಡ್ 2016ರ 4ನೇ ಭಾಗ ಪೂರ್ತಿ ಬೆಂಕಿ ಸುರಕ್ಷತೆ ಬಗ್ಗೆ, ಅದರಲ್ಲಿ ಮೆಟ್ಟಿಲು, ಲಿಫ್ಟ್ ಲಾಬಿ ಬಾಗಿಲಿಗೆ 120 ನಿಮಿಷ ಅಂತಿದೆ. ಕಡಿಮೆ ಹಾಕಬೇಡಿ. ಬಾಗಿಲಿಗೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಮಾನದಂಡ ಐಎಸ್ 3614. ಟೆಸ್ಟ್ ರಿಪೋರ್ಟ್ ಕೇಳಿ, ರೂರ್ಕಿಯ ಸಿಬಿಆರ್‌ಐ (ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ) ಥರದ ಲ್ಯಾಬಿಂದು ಇರುತ್ತೆ. ರಿಪೋರ್ಟ್‌ನಲ್ಲಿ ಟೆಸ್ಟ್ ಮಾಡಿದ ಬಾಗಿಲಿನ ಅಳತೆ ಎಷ್ಟು, ಒಂಟಿ ಕದವೋ ಜೋಡಿ ಕದವೋ ನೋಡಿ. ಸಣ್ಣ ಒಂಟಿ ಕದ ಟೆಸ್ಟ್ ಮಾಡಿಸಿ ಅದೇ ಕಾಗದ ತೋರಿಸಿ ದೊಡ್ಡ ಜೋಡಿ ಕದ ಮಾರೋರು ಇದಾರೆ. ಇದು ನನ್ನ ಪ್ರಾಜೆಕ್ಟಲ್ಲೇ ಆಗಿದೆ, ಸೈಟಿಗೆ ಬಂದ 12 ಬಾಗಿಲು ವಾಪಸ್ ಕಳಿಸ್ದೆ.

ಕೋರಮಂಗಲ_ಕೆ
ಕೋಡ್ ಕಡ್ಡಾಯ ಅಲ್ಲ, ಬರೀ ಸಲಹೆ ಅಂತ ಓದಿದ್ದೆ.

ಆರ್ಕಿಟೆಕ್ಟ್_ಅನು
ತಾನಾಗೇ ಕಡ್ಡಾಯ ಅಲ್ಲ, ಸರಿ. ಸ್ಥಳೀಯ ಬೈಲಾ, ಅಗ್ನಿಶಾಮಕ ಇಲಾಖೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಷರತ್ತು ಅದನ್ನ ಎಳ್ಕೊಂಡು ಬರುತ್ತೆ. ನಿಮ್ಮ ಕಟ್ಟಡದ ಎನ್‌ಒಸಿ ತೆಗೆದು ಓದಿ, ಷರತ್ತುಗಳು ಅದರಲ್ಲೇ ಇರುತ್ತೆ. ಬಿಲ್ಡರ್ ಹಸ್ತಾಂತರ ಮಾಡಿದ ಫೈಲಲ್ಲಿ ಇಲ್ಲ ಅಂದ್ರೆ ಇಲಾಖೆಯಿಂದ ಪ್ರತಿ ತಗೊಳ್ಳಿ.

ಹುಬ್ಬಳ್ಳಿ_ಗಿರಮಿಟ್
ನಮ್ಮ ಕಡೆನೂ ಈಗ 10-12 ಅಂತಸ್ತಿನ ಅಪಾರ್ಟ್‌ಮೆಂಟ್ ಭಾಳ ಆಗ್ಯಾವ್ರಿ. ಫೈರ್ ಡೋರ್ ಹಚ್ಚ್ಯಾರ, ಆದ್ರ ಅದಕ್ಕ ಕೀಲಿ ಜಡದಾರ. ಯಾಕ್ರಿ ಅಂದ್ರ ಕಳ್ಳರು ಬರ್ತಾರ ಅಂತ. ಕೀಲಿ ವಾಚ್‌ಮನ್ ಕಡೆ ಇರ್ತದಂತ. ರಾತ್ರಿ 2ಕ್ಕ ಬೆಂಕಿ ಹತ್ತಿದ್ರ ವಾಚ್‌ಮನ್‌ನ ಎಲ್ಲಿ ಹುಡುಕೂದು ಹೇಳ್ರಿ? ಎರಡು ಸಲ ಮೀಟಿಂಗ್‌ನ್ಯಾಗ ಹೇಳೀನಿ, ಯಾರೂ ಕೇಳವಲ್ರು.

ಎಲೆಕ್ಟ್ರಾನಿಕ್ಸ್‌ಸಿಟಿ_ಅಮ್ಮ
ಕಳ್ಳರ ಭಯ ಸುಳ್ಳಲ್ಲ. ನಮ್ಮಲ್ಲಿ ಬೇಸ್‌ಮೆಂಟ್ ಮೆಟ್ಟಿಲಿಂದ ಯಾರೋ ಹತ್ತಿ ಬಂದು ಎರಡು ಮನೆ ಮುಂದಿನ ಸೈಕಲ್ ಹೊತ್ಕೊಂಡು ಹೋದ್ರು. ಒಬ್ಬಳೇ ಮಗಳನ್ನ ಬಿಟ್ಟು ಕೆಲಸಕ್ಕೆ ಹೋಗೋ ನನ್ನಂಥವರಿಗೆ ಮೆಟ್ಟಿಲ ಬಾಗಿಲು ತೆರೆದಿದೆ ಅಂದ್ರೆ ಎದೆ ಡವಡವ ಅನ್ನುತ್ತೆ.

ಪೀಣ್ಯ_ಬಾಗಿಲುಮೇಸ್ತ್ರಿ
ಮೇಡಂ ಅದಕ್ಕೆ ಪ್ಯಾನಿಕ್ ಬಾರ್ ಅಂತ ಇರುತ್ತೆ. ಮಹಡಿ ಕಡೆಯಿಂದ ಮೆಟ್ಟಿಲಿಗೆ ಹೋಗೋಕೆ ಅಡ್ಡಪಟ್ಟಿ ತಳ್ಳಿದ್ರೆ ಸಾಕು, ಯಾವಾಗ್ಲೂ ತೆಗೆಯುತ್ತೆ, ಕೀಲಿ ಬೇಡ. ಗ್ರೌಂಡ್ ಫ್ಲೋರಲ್ಲಿ ಹೊರಗಿಂದ ಹ್ಯಾಂಡಲ್ ಇಲ್ಲದ ಹಾಗೆ ಮಾಡಬಹುದು, ಆಗ ಆಚೆಯವರು ಒಳಗೆ ಬರೋಕಾಗಲ್ಲ, ಒಳಗಿನವರು ಆಚೆ ಹೋಗಬಹುದು. ಬಾಗಿಲು ತೆರೆದ್ರೆ ಸೆಕ್ಯೂರಿಟಿ ಕ್ಯಾಬಿನ್‌ನಲ್ಲಿ ಬಜರ್ ಹೊಡೆಯೋ ಹಾಗೂ ಮಾಡಿಸಬಹುದು, ಅದು ದೊಡ್ಡ ಖರ್ಚಲ್ಲ. ಬೀಗ, ಸರಪಳಿ, ಟವರ್ ಬೋಲ್ಟ್ ಮಾತ್ರ ಹಾಕ್ಲೇಬೇಡಿ.

ನಿವೃತ್ತ_ಅಗ್ನಿಶಾಮಕ
ಮೇಸ್ತ್ರಿ ಹೇಳಿದ್ದು ಸರಿ. ಒಂದು ಸೇರಿಸ್ತೀನಿ: ಮಹಡಿಗಳಲ್ಲಿ ಮೆಟ್ಟಿಲ ಕಡೆಯಿಂದಲೂ ತೆಗೆಯೋ ಹಾಗೆ ಇರಲಿ. ಇಳಿಯೋವಾಗ ಕೆಳಗಿಂದ ಹೊಗೆ ಬಂದ್ರೆ ಜನ ಬೇರೆ ಮಹಡಿಗೆ ನುಗ್ಗಿ ಇನ್ನೊಂದು ಮೆಟ್ಟಿಲಿಗೆ ಹೋಗಬೇಕಾಗುತ್ತೆ.

ಬಿಬ್ಲಾಕ್_602
ಇದು ನಮ್ಮ ತಲೆಗೇ ಹೊಳೆದಿರಲಿಲ್ಲ ಸರ್. ನೋಟ್ ಮಾಡ್ಕೊಂಡೆ.

ಜೆಪಿನಗರ_ಶ್ರೀನಿ
ನಮ್ಮ ತಾಯಿಗೆ 76. ಎರಡೂ ಮಂಡಿ ನೋವು. ನಮ್ಮಲ್ಲಿ ಹೊಸ ಫೈರ್ ಡೋರ್ ಹಾಕಿದ ಮೇಲೆ ಅವರಿಗೆ ತಳ್ಳೋಕೇ ಆಗ್ತಿಲ್ಲ. ಬೆಂಕಿ ಬಿದ್ರೆ ಆ ಬಾಗಿಲ ಹಿಂದೆನೇ ಸಿಕ್ಕಾಕೊಳ್ತಾರೆ ಅಷ್ಟೇ. ಜನ ಇಟ್ಟಿಗೆ ಇಡೋದು ಸೋಮಾರಿತನಕ್ಕೆ ಅಂತ ಎಲ್ರೂ ಬೈತೀರಾ, ವಯಸ್ಸಾದವರ ಕಷ್ಟ ಯಾರೂ ಕೇಳಲ್ಲ.

ಪೀಣ್ಯ_ಬಾಗಿಲುಮೇಸ್ತ್ರಿ
ಸರ್ ಇದು ಬಾಗಿಲಿನ ತಪ್ಪಲ್ಲ, ಫಿಟ್ ಮಾಡಿದವರ ತಪ್ಪು. ಕ್ಲೋಸರ್ ಮೈಮೇಲೆ ಸಣ್ಣ ಸ್ಕ್ರೂ ಇರುತ್ತೆ, ಒಂದು ಮುಚ್ಚೋ ವೇಗಕ್ಕೆ, ಒಂದು ಕೊನೇಲಿ ಲಾಕ್ ಆಗೋ ವೇಗಕ್ಕೆ. ಸ್ಪ್ರಿಂಗ್ ಬಿಗಿ ಅಡ್ಜಸ್ಟ್ ಮಾಡೋದು ಬೇರೆ ಇರುತ್ತೆ. ಫಿಟ್ ಮಾಡೋರು ಬೇಗ ಮುಗಿಸೋಕೆ ಎಲ್ಲಾ ಫುಲ್ ಟೈಟ್ ಬಿಟ್ಟು ಹೋಗ್ತಾರೆ. ಕರೆಸಿ ಸಡಿಲ ಮಾಡಿಸಿ, ಆದ್ರೆ ಎಷ್ಟು ಸಡಿಲ ಅಂದ್ರೆ ಬಾಗಿಲು ತಾನಾಗೇ ಮುಚ್ಚಿ "ಟಕ್" ಅಂತ ಲಾಕ್ ಬೀಳೋವಷ್ಟು ಇರಲೇಬೇಕು. ತಾಯಿಯವರನ್ನೇ ಕರೆದು ನಿಲ್ಲಿಸಿ ತಳ್ಳಿಸಿ ನೋಡಿ.

ಲಂಡನ್ನಿನ_ಶಿರಸಿಯವ
ಓಡಾಟ ಜಾಸ್ತಿ ಇರೋ ಕಡೆ ಇನ್ನೊಂದು ದಾರಿ ಇದೆ. ಮ್ಯಾಗ್ನೆಟ್ ಹಿಡಿಕೆ. ಬಾಗಿಲು ದಿನವಿಡೀ ತೆರೆದೇ ಇರುತ್ತೆ, ಫೈರ್ ಅಲಾರಂ ಹೊಡೆದ ಕೂಡಲೇ ಮ್ಯಾಗ್ನೆಟ್ ಬಿಡುತ್ತೆ, ಕ್ಲೋಸರ್ ಎಳ್ಕೊಂಡು ಮುಚ್ಚುತ್ತೆ. ಕರೆಂಟ್ ಹೋದ್ರೂ ಮುಚ್ಚುತ್ತೆ. ಅಲಾರಂ ಕೆಲಸ ಮಾಡ್ತಿದ್ರೆ ಮಾತ್ರ ಇದು.

ಬಿಬ್ಲಾಕ್_602
ನಮ್ಮ ಅಲಾರಂ ಪ್ಯಾನಲ್ ಮ್ಯೂಟ್ ಮಾಡಿ ಇಟ್ಟಿದಾರೆ, ಸುಮ್ ಸುಮ್ನೆ ಹೊಡೀತಿತ್ತು ಅಂತ. ಅದೂ ಪಟ್ಟಿಗೆ ಸೇರ್ತು.

ಜೆರ್ಸಿಸಿಟಿ_ಸುಮಾ
ಬಾಗಿಲು ಮುಚ್ಚದೇ ಇದ್ರೆ ಏನಾಗುತ್ತೆ ಅನ್ನೋದಕ್ಕೆ ಇಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 2022 ಜನವರಿ 9ಕ್ಕೆ ಆಗಿದ್ದು ನೋಡಿ. 19 ಮಹಡಿ ಕಟ್ಟಡ. ಒಂದು ಮನೇಲಿ ರೂಮ್ ಹೀಟರ್‌ನಿಂದ ಬೆಂಕಿ. ಬೆಂಕಿ ಹೆಚ್ಚುಕಮ್ಮಿ ಆ ಮನೆ, ಅದರ ಮುಂದಿನ ಕಾರಿಡಾರಿಗೇ ನಿಂತ್ಹೋಯ್ತು. ಆದ್ರೆ ತಾನಾಗೇ ಮುಚ್ಚಬೇಕಿದ್ದ ಬಾಗಿಲು ಮುಚ್ಚಲಿಲ್ಲ. ಹೊಗೆ ಮೆಟ್ಟಿಲಿಗೆ ಸೇರಿ ಮೇಲೆ ಹೋಯ್ತು. 17 ಜನ, ಅದರಲ್ಲಿ 8 ಮಕ್ಕಳು. ಬಾಗಿಲು ಇತ್ತು. ಒಳ್ಳೇ ಬಾಗಿಲೇ. ಮುಚ್ಚಲಿಲ್ಲ ಅಷ್ಟೇ. ನಾನು ಆ ಸುದ್ದಿ ಓದಿದ ರಾತ್ರಿ ನಮ್ಮ ಮನೆ ಬಾಗಿಲನ್ನ ಹತ್ತು ಸಲ ತೆಗೆದು ಬಿಟ್ಟು, ಬಿಟ್ಟು ನೋಡ್ದೆ.

ಮೈಸೂರುಪಾಕ್_ಪ್ರೇಮಿ
ಇದು ಗೊತ್ತಿರಲಿಲ್ಲ. ಸೋಲಾರ್ ಮಾತು ವಾಪಸ್ ತಗೊಂಡೆ. ಮೈಸೂರಲ್ಲಿ ನಮ್ಮದು ಬರೀ 4 ಮಹಡಿ, ಮಧ್ಯದಲ್ಲಿ ಒಂದೇ ತೆರೆದ ಮೆಟ್ಟಿಲು, ಫೈರ್ ಡೋರೇ ಇಲ್ಲ. ನಾವೇನು ಮಾಡ್ಬೇಕು?

ಆರ್ಕಿಟೆಕ್ಟ್_ಅನು
ಕೋಡ್ ಪ್ರಕಾರ 15 ಮೀಟರ್ ಮೇಲಿದ್ರೆ ಹೈರೈಸ್ (ಎತ್ತರದ ಕಟ್ಟಡ), ನಿಮ್ಮದು ಬಹುಶಃ ಅದರ ಕೆಳಗೆ ಬರುತ್ತೆ. ಮೆಟ್ಟಿಲಿಗೆ ಹೊರಗಿನ ಗಾಳಿ ಬರೋ ಕಿಟಕಿ ಇದ್ರೆ ಅದನ್ನ ಗಾಜು ಹಾಕಿ ಮುಚ್ಚಬೇಡಿ. ಮೀಟರ್ ಬೋರ್ಡ್ ಮೆಟ್ಟಿಲ ಕೆಳಗೆ ಇದ್ರೆ ಅದರ ಸುತ್ತ ಪೇಪರ್ರು, ಸ್ಕೂಟರ್ರು ಇಡಬೇಡಿ. ಅಲ್ಲಿ ಬೆಂಕಿ ಬಿದ್ರೆ ನಿಮ್ಮ ಒಂದೇ ದಾರಿ ಹೋಯ್ತು.

ನಾಗರಬಾವಿ_ಎನ್
ವಿಷಯ ಸ್ವಲ್ಪ ಬೇರೆ. ನಾವು ಮನೆ ಮುಂಬಾಗಿಲು ಬದಲಾಯಿಸ್ತಿದೀವಿ. ಬಿಲ್ಡರ್ ಕೊಟ್ಟಿದ್ದು ಫೈರ್ ರೇಟೆಡ್ ಮರದ ಬಾಗಿಲು ಅಂತ ಫೈಲಲ್ಲಿದೆ. ಮನೆಯವರಿಗೆ ತೇಗದ ಕೆತ್ತನೆ ಬಾಗಿಲು ಬೇಕು, ಅಷ್ಟಲಕ್ಷ್ಮಿ ಇರೋದು. ವಾಸ್ತು ಹೇಳೋರು ಬಾಗಿಲು ಒಳಗಡೆಗೇ ತೆಗೀಬೇಕು, ಹೊಸಿಲು ಇರಲೇಬೇಕು ಅಂದ್ರು. ಫೈರ್ ಡೋರ್ ಹೊರಗಡೆ ತೆಗೀಬೇಕು ಅಂತಾರಲ್ಲ?

ಆರ್ಕಿಟೆಕ್ಟ್_ಅನು
ಹೊರಗೆ ತೆಗೀಬೇಕು ಅನ್ನೋದು ಜನ ಗುಂಪಾಗಿ ಓಡೋ ದಾರಿಯ ಬಾಗಿಲಿಗೆ. ಒಂದೇ ಕುಟುಂಬದ ಮನೆ ಬಾಗಿಲು ಒಳಗೆ ತೆಗೆದ್ರೆ ತೊಂದರೆ ಇಲ್ಲ, ಕಾರಿಡಾರಿಗೂ ಅಡ್ಡ ಬರಲ್ಲ. ವಾಸ್ತುವಿಗೂ ಇದಕ್ಕೂ ಜಗಳ ಇಲ್ಲ.

ಹೊಸಿಲು ಇರಲಿ, ಅದು ಬಾಗಿಲ ಕೆಳಗಿನ ಸಂದಿ ಮುಚ್ಚುತ್ತೆ, ಹೊಗೆಗೂ ಒಳ್ಳೇದೇ. ಆದ್ರೆ ಫೈರ್ ರೇಟೆಡ್ ಬಾಗಿಲು ತೆಗೆದು ಸಾದಾ ಬಾಗಿಲು ಹಾಕಬೇಡಿ ಅಂತ ಕೈ ಮುಗಿದು ಕೇಳ್ಕೊತೀನಿ. ತೇಗ ಗಟ್ಟಿ ಮರ, ದಪ್ಪ ಇದ್ರೆ ನಿಧಾನಕ್ಕೆ ಉರಿಯುತ್ತೆ, ಆದ್ರೆ ಕೆತ್ತನೆ ಮಾಡಿದ ಕಡೆ ತೆಳ್ಳಗಾಗಿರುತ್ತೆ, ಬೆಂಕಿ ಅಲ್ಲೇ ತೂತು ಮಾಡೋದು. ಫೈರ್ ರೇಟೆಡ್ ಬಾಗಿಲಿಗೇ ತೇಗದ ವೆನೀರ್ (ಮರದ ತೆಳು ಹಾಳೆ) ಹಾಕಿ ಕೊಡೋರು ಇದಾರೆ. ಅಷ್ಟಲಕ್ಷ್ಮಿ ಫಲಕ ಪಕ್ಕದ ಗೋಡೆಗೆ ಹಾಕಿ, ಚೆನ್ನಾಗೂ ಕಾಣುತ್ತೆ.

ಪೀಣ್ಯ_ಬಾಗಿಲುಮೇಸ್ತ್ರಿ
ಮರದ ಫೈರ್ ಡೋರ್ ಅಂಚಲ್ಲಿ ಕಪ್ಪು ಪಟ್ಟಿ ಇರುತ್ತೆ, ಇಂಟ್ಯೂಮೆಸೆಂಟ್ ಸ್ಟ್ರಿಪ್ ಅಂತ. ಸುಮಾರು 200 ಡಿಗ್ರಿ ಶಾಖಕ್ಕೆ ಅದು ಹಪ್ಪಳ ಉಬ್ಬಿದ ಹಾಗೆ ಉಬ್ಬಿ ಸಂದಿ ಮುಚ್ಚುತ್ತೆ. ಪಾಲಿಶ್ ಹಾಕೋರು ಅಡ್ಡ ಬರುತ್ತೆ ಅಂತ ಕಿತ್ತು ಬಿಸಾಕ್ತಾರೆ, ಇಲ್ಲಾಂದ್ರೆ ಅದರ ಮೇಲೇ ದಪ್ಪ ಪೇಂಟ್ ಬಳೀತಾರೆ. ನಿಂತು ನೋಡ್ಕೊಳ್ಳಿ. ಡಿಜಿಟಲ್ ಲಾಕ್ ಹಾಕೋಕೆ ದೊಡ್ಡ ತೂತು ಕೊರೆಯೋದೂ ಹಂಗೇ, ಬಾಗಿಲು ಕೊಟ್ಟವರನ್ನ ಕೇಳಿ ಕೊರೀಬೇಕು.

ಬೊಮ್ಮನಹಳ್ಳಿ_ರಮ್ಯ
ಮುಂಬಾಗಿಲ ಆಚೆ ಕಬ್ಬಿಣದ ಗ್ರಿಲ್ ಗೇಟ್ ಹಾಕ್ಸೋರೂ ಯೋಚನೆ ಮಾಡಿ. ಬಾಲ್ಕನಿ ಗ್ರಿಲ್ಲೂ ಅಷ್ಟೇ. 2021 ಸೆಪ್ಟೆಂಬರ್‌ನಲ್ಲಿ ನಮ್ಮ ಹತ್ರದ ದೇವರಚಿಕ್ಕನಹಳ್ಳಿ ಅಪಾರ್ಟ್‌ಮೆಂಟಲ್ಲಿ ಬೆಂಕಿ ಬಿದ್ದು ತಾಯಿ ಮಗಳು ಇಬ್ಬರೂ ಹೋದ್ರು. ಬಾಲ್ಕನಿಗೆ ಗ್ರಿಲ್ ಇತ್ತು. ಆ ವಿಡಿಯೋ ನೋಡಿದ ಮೇಲೆ ನಮ್ಮ ಮನೆ ಗ್ರಿಲ್‌ಗೆ ಒಳಗಿಂದ ತೆಗೆಯೋ ಕಿಂಡಿ ಬಾಗಿಲು ಮಾಡಿಸಿದೀವಿ, ಕೀಲಿ ಅಲ್ಲೇ ಪಕ್ಕದ ಮೊಳೆಗೆ ನೇತಾಕಿದೀವಿ, ಮಕ್ಕಳಿಗೂ ತೋರಿಸಿದೀವಿ.

ಕುಡ್ಲದ_ಬಂಗುಡೆ
ನಮ್ಮಲ್ಲಿ ಮಂಗಳೂರಲ್ಲಿ ತುಕ್ಕಿನ ಸಮಸ್ಯೆ ಇನ್ನೂ ಜೋರು ಉಂಟು ಮಾರಾಯ್ರೆ. ಸಮುದ್ರದ ಗಾಳಿ, ಮೂರ್ನಾಲ್ಕು ತಿಂಗಳು ಮಳೆ. 7 ವರ್ಷದಲ್ಲಿ ಬಾಗಿಲಿನ ಬುಡ ತಿಂದು ಹೋಗಿ ಒಳಗಿನ ಪೇಪರ್ ಕಾಣ್ತಿತ್ತು. ಹೊಸದು ಹಾಕುವಾಗ ಚೌಕಟ್ಟಿನ ಬುಡಕ್ಕೆ ಸ್ಟೀಲಿನ ಪಟ್ಟಿ ಕೊಡಿಸಿದೆವು, ಮೆಟ್ಟಿಲು ತೊಳೆಯುವುದು ನಿಲ್ಲಿಸಿ ಒದ್ದೆ ಬಟ್ಟೆಯಲ್ಲಿ ಒರೆಸುವುದು ಮಾತ್ರ. ಈಗ 5 ವರ್ಷ ಆಯ್ತು, ಏನೂ ಆಗ್ಲಿಲ್ಲ.

ಸಿಲ್ಕ್‌ಬೋರ್ಡ್_ಸಂತ್ರಸ್ತ
ಟೆರೇಸ್ ಬಾಗಿಲು? ಅದಕ್ಕೆ ಎಲ್ಲಾ ಕಡೆ ಬೀಗ ಇರುತ್ತೆ.

ಎಲೆಕ್ಟ್ರಾನಿಕ್ಸ್‌ಸಿಟಿ_ಅಮ್ಮ
ನಮ್ಮಲ್ಲೂ ಬೀಗ. ಮಕ್ಕಳು ಹತ್ತಿ ಬೀಳ್ತಾರೆ ಅನ್ನೋ ಭಯ. ಆ ಭಯ ನನಗೂ ಇದೆ.

ನಿವೃತ್ತ_ಅಗ್ನಿಶಾಮಕ
ಅಲಾರಂ ಹೊಡೆದಾಗ ತಾನಾಗೇ ಬಿಡೋ ಎಲೆಕ್ಟ್ರಿಕ್ ಲಾಕ್ ಹಾಕಿಸಬಹುದಮ್ಮ, ಜೊತೆಗೆ ಗಾಜು ಒಡೆದು ತೆಗೆಯೋ ಬಟನ್ನು. ಆದ್ರೆ ಜನಕ್ಕೆ ಮೊದಲು ಹೇಳಿಕೊಡಬೇಕಾದ್ದು ಕೆಳಗೆ ಇಳಿಯೋದು. ಲಿಫ್ಟ್ ಬೇಡ. ಮನೆಯಿಂದ ಹೊರಡುವಾಗ ಬಾಗಿಲು ಎಳೆದುಕೊಂಡು ಹೊರಡಿ. 112 ಇಲ್ಲಾ 101ಕ್ಕೆ ಫೋನ್ ಮಾಡಿ. ಮೆಟ್ಟಿಲಲ್ಲಿ ಆಗಲೇ ಹೊಗೆ ಇದ್ರೆ ಇಳಿಯೋ ಸಾಹಸ ಬೇಡ, ವಾಪಸ್ ಮನೆಗೆ ಹೋಗಿ ಬಾಗಿಲು ಹಾಕಿ, ಕೆಳಗಿನ ಸಂದಿಗೆ ಒದ್ದೆ ಬೆಡ್‌ಶೀಟ್ ತುರುಕಿ, ಬಾಲ್ಕನಿಗೆ ಬಂದು ಕೂಗಿ.

ಮತ್ತೆ ಕರೆಂಟ್ ಡಕ್ಟು. ಬಾಗಿಲಿಗೆ 28 ಲಕ್ಷ ಹಾಕಿ ಡಕ್ಟ್ ಬಾಗಿಲು ಪ್ಲೈವುಡ್‌ದು ಬಿಟ್ರೆ ಪ್ರಯೋಜನ ಕಮ್ಮಿ. ಪ್ರತಿ ಮಹಡಿಯಲ್ಲೂ ಕೇಬಲ್ ಹೋಗೋ ತೂತು ಫೈರ್ ಸೀಲೆಂಟ್‌ನಿಂದ ಮುಚ್ಚಿದೆಯಾ ಟಾರ್ಚ್ ಹಾಕಿ ನೋಡಿ. ಇಂಟರ್ನೆಟ್ ಕೇಬಲ್ ಎಳೆಯೋ ಹುಡುಗರು ಅದನ್ನ ಒಡೆದು ಹಾಗೇ ಬಿಟ್ಟು ಹೋಗಿರ್ತಾರೆ.

ಬಿಬ್ಲಾಕ್_602
*(5 ವಾರದ ನಂತರ)*
ಎಲ್ರಿಗೂ ಏನಾಯ್ತು ಅಂತ ಹೇಳ್ಬೇಕು. ಇಲ್ಲಿ ನೀವೆಲ್ಲ ಹೇಳಿದ್ದು ಕೇಳಿ ಎರಡು ಭಾನುವಾರ ನಾವು ನಾಲ್ಕು ಜನ 84 ಬಾಗಿಲನ್ನೂ ಒಂದೊಂದಾಗಿ ನೋಡಿದ್ವಿ. ಕೈಯಲ್ಲಿ 3 ಎಂಎಂ ಪ್ಲೈವುಡ್ ಪಟ್ಟಿ, ಟಾರ್ಚು, ಸೀಮೆಸುಣ್ಣ. ಪೂರ್ತಿ ತೆರೆದು ಬಿಟ್ಟಾಗ ತಾನಾಗೇ ಮುಚ್ಚಿ ಲಾಕ್ ಬೀಳುತ್ತಾ, ಸ್ವಲ್ಪವೇ ತೆರೆದು ಬಿಟ್ಟಾಗಲೂ ಬೀಳುತ್ತಾ, ಸಂದಿ ಎಷ್ಟು, ಬುಡ ಹೆಂಗಿದೆ, ಲೇಬಲ್ (ಫೈರ್ ರೇಟಿಂಗ್ ಬರೆದಿರೋ ಪ್ಲೇಟು) ಇದ್ಯಾ. ಲೇಬಲ್ ತುಂಬಾ ಕಡೆ ಪೇಂಟ್ ಕೆಳಗೆ ಹೂತು ಹೋಗಿತ್ತು, ಕೆರೆದು ಓದಿದ್ವಿ.

9 ಬಾಗಿಲು ಚೆನ್ನಾಗಿವೆ. 44ಕ್ಕೆ ಮೈ ಗಟ್ಟಿ ಇದೆ, ಕ್ಲೋಸರು, ಕೀಲು, ಸೀಲ್ ಪಟ್ಟಿ ಹೋಗಿದೆ, ಬಾಗಿಲು ಮಾಡಿದ ಕಂಪನಿಯವರೇ ಬಂದು ಅದೇ ರೇಟಿಂಗ್‌ನ ಸಾಮಾನು ಹಾಕಿ ಬರೆದು ಕೊಡ್ತಾರೆ, ಒಂದಕ್ಕೆ 6,500. ಉಳಿದ 31 ಬುಡ ತಿಂದು ಹೋಗಿರೋವು, ತೂತು ಕೊರೆದಿರೋವು, ಚೌಕಟ್ಟು ಅಲ್ಲಾಡೋವು, ಅದು ಚೌಕಟ್ಟು ಸಮೇತ ಹೊಸದು. ಎಲ್ಲಾ ಸೇರಿ 11.54 ಲಕ್ಷ, ಜಿಎಸ್‌ಟಿ ಸೇರಿ 13.6 ಲಕ್ಷ ಆಗುತ್ತೆ, ಮನೆಗೆ ಸುಮಾರು 8,100. ವಿಶೇಷ ಸಭೆ ಕರೆದ್ವಿ. ಕಾರ್ಲ್‌ಟನ್ ವಿಷಯ, ಬ್ರಾಂಕ್ಸ್ ವಿಷಯ ಇಲ್ಲಿಂದಲೇ ಓದಿ ಹೇಳ್ದೆ. ಆಮೇಲೆ ವೆಲ್ಡಿಂಗ್ ಅಂಕಲ್‌ನ ಕರ್ಕೊಂಡು ಹೋಗಿ ಅವರ ಮಹಡಿ ಬಾಗಿಲ ಬುಡದಿಂದ ಒದ್ದೆ ಪೇಪರ್ ಕೈಯಲ್ಲೇ ಕಿತ್ತು ತೋರಿಸ್ದೆ. ಅವರು ಏನೂ ಮಾತಾಡಲಿಲ್ಲ, ವೋಟ್ ಹಾಕುವಾಗ ಕೈ ಎತ್ತಿದ್ರು. ಪಾಸಾಯ್ತು. ಸಿ ಬ್ಲಾಕ್‌ನಿಂದ ಕೆಲಸ ಶುರು.

ಇಟ್ಟಿಗೆ ಮಾತ್ರ ಇನ್ನೂ ವಾಪಸ್ ಬರ್ತಾ ಇದಾವೆ. ದಿನಾ ಸಂಜೆ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಒಂದು ಸುತ್ತು ಹೋಗಿ ತೆಗೀತಾರೆ, ಯಾವ ಮಹಡಿ ಅಂತ ಗ್ರೂಪಲ್ಲಿ ಹಾಕ್ತೀವಿ.

ಪೀಣ್ಯ_ಬಾಗಿಲುಮೇಸ್ತ್ರಿ
ಒಳ್ಳೇ ಕೆಲಸ ಸರ್. ಹೊಸ ಚೌಕಟ್ಟು ಮತ್ತೆ ಗೋಡೆ ಮಧ್ಯೆ ಸಿಮೆಂಟ್ ಗ್ರೌಟ್ ತುಂಬಿಸಿ, ಕಂಪನಿಯವರು ಹೇಳಿದ್ದೇ ಹಾಕಿಸಿ. ಹಳದಿ ಫೋಮ್ ಸ್ಪ್ರೇ ಹೊಡೆದು ಪ್ಲಾಸ್ಟರ್ ಬಳಿದು ಮುಚ್ಚಿಬಿಡ್ತಾರೆ, ಸಾಮಾನ್ಯ ಫೋಮ್ ಚೆನ್ನಾಗಿ ಉರಿಯುತ್ತೆ. ಪ್ಲಾಸ್ಟರ್ ಮಾಡೋಕೆ ಮುಂಚೆ ಫೋಟೋ ತಗೊಳ್ಳಿ, ಬಿಲ್ ಪಾಸ್ ಮಾಡೋದು ಆಮೇಲೆ.

ಜೆಪಿನಗರ_ಶ್ರೀನಿ
ಕ್ಲೋಸರ್ ಅಡ್ಜಸ್ಟ್ ಮಾಡಿಸಿದೆ. ಅಮ್ಮ ಈಗ ಒಂದು ಕೈಯಲ್ಲಿ ತಳ್ತಾರೆ. ಮೇಸ್ತ್ರಿಗೆ ಥ್ಯಾಂಕ್ಸ್ ಹೇಳು ಅಂದ್ರು.

ಹುಬ್ಬಳ್ಳಿ_ಗಿರಮಿಟ್
ಛಲೋ ಆತ್ರಿ. ನಿಮ್ಮ ಪಟ್ಟಿ ನಮ್ಮ ಮೀಟಿಂಗ್‌ನ್ಯಾಗ ಓದಿ ಹೇಳ್ತೀನಿ. ಆ 31 ಹಳೇ ಬಾಗಿಲಾ ಏನ್ ಮಾಡ್ತೀರಿ?

ಬಿಬ್ಲಾಕ್_602
ಗುಜರಿಗೆ. ಎರಡು ಬಾಗಿಲು ಮಾತ್ರ ವೆಲ್ಡಿಂಗ್ ಅಂಕಲ್ ತೋಟದ ಪಂಪ್‌ಹೌಸ್‌ಗೆ ಅಂತ ಕೇಳಿದಾರೆ, ಕೊಡ್ತೀವಿ.

ಪೀಣ್ಯ_ಬಾಗಿಲುಮೇಸ್ತ್ರಿ
ಕೊಡೋದಕ್ಕೆ ಮುಂಚೆ ಲೇಬಲ್ ಕಿತ್ತುಬಿಡಿ ಸರ್, ಗುಜರಿಗೆ ಹಾಕೋದ್ರದ್ದೂ. ಅದೇ ಪ್ಲೇಟು ಇನ್ನೊಂದು ಬಾಗಿಲಿಗೆ ಅಂಟಿಸಿಕೊಂಡು ವಾಪಸ್ ಮಾರ್ಕೆಟ್‌ಗೆ ಬರಬಾರದು.